ಎರೆನಾಡಿನ ಬಿಸಿಲಿಗೆ ಹಳೆಯ ಸ್ಪೋರ್ಟ್ಸ್ ಸೆಡಾನ್: ಮೊದಲ ದುಡ್ಡು ಎಲ್ಲಿಗೆ?

ದೀಪಾವಳಿ ಹೊತ್ತಿಗೆ ಕೊಂಡ ಕಾರು ಸಂಕ್ರಾಂತಿತನಕ ಚಂದ ಓಡುತ್ತದೆ. ಶಿವರಾತ್ರಿ ದಾಟಿ ಬಿಸಿಲು ಏರಿದ ಮೇಲೆ ಒಂದು ಮಧ್ಯಾಹ್ನ, ವಿಜಯಪುರದಿಂದ ಅರಕೇರಿಗೆ ಮರಳುವಾಗ, ಎಸಿ ಬಿಸಿಗಾಳಿ ಊದತೊಡಗುತ್ತದೆ. ಬಾನೆಟ್ ಸಂದಿಯಿಂದ ಸಿಹಿವಾಸನೆಯ ಹಬೆ. ಬದಿಗೆ ನಿಲ್ಲಿಸಿ ಬಗ್ಗಿ ನೋಡಿದರೆ ಕೆಳಗೆ ಬಣ್ಣದ ನೀರು ಸೋರಿ ಮಡುಗಟ್ಟಿದೆ. ಗ್ಯಾರೇಜಿಗೆ ಎಳೆದೊಯ್ದರೆ ಒಂದೇ ಮಾತು: ‘ಹೆಡ್ ಹೋಗೇತ್ರಿ.’

ಹಳೆಯ ಸ್ಪೋರ್ಟ್ಸ್ ಸೆಡಾನ್ ತಂದವರಿಗೆ ಅರಕೇರಿ, ತಿಕೋಟಾ, ಬಬಲೇಶ್ವರದ ಕಡೆ ಎದುರಾಗುವ ದೊಡ್ಡ ತೊಂದರೆ ಇದು: ಬಿಸಿಯೇರಿ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡು ಕೆಡುವುದು. ಬಹುಪಾಲು ಸಲ ಇದನ್ನು ಪೂರ್ತಿ ತಪ್ಪಿಸಬಹುದು. ಅದಕ್ಕೆ ಬೇಕಾದದ್ದು ದುಡ್ಡನ್ನು ಸರಿಯಾದ ಕ್ರಮದಲ್ಲಿ ಖರ್ಚು ಮಾಡುವುದು. ಮೊದಲು ತಣ್ಣಗಿಡುವ ವ್ಯವಸ್ಥೆ, ಆಮೇಲೆ ರಬ್ಬರು, ಆಮೇಲೆ ಟೈರು ಮತ್ತು ಬ್ರೇಕು. ಹೊಸ ಸೈಲೆನ್ಸರು, ದೊಡ್ಡ ಅಲಾಯ್ ಚಕ್ರ, ಶಕ್ತಿ ಹೆಚ್ಚಿಸುವ ಸಾಫ್ಟ್‌ವೇರ್ ಎಲ್ಲವೂ ಇವುಗಳ ಬಳಿಕ.

ಯಾವ ಕಾರುಗಳ ಮಾತಿದು? ಮೊದಲಿಗೆ 2004ರಲ್ಲಿ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 1.8 ಲೀಟರ್ ಟರ್ಬೊ ಎಂಜಿನ್, 150 ಅಶ್ವಶಕ್ತಿ. ಆ ಕಾಲಕ್ಕೆ ನಮ್ಮಲ್ಲಿ ಅಂಥದ್ದು ಇನ್ನೊಂದು ಇರಲಿಲ್ಲ. 2006ರಲ್ಲಿ 2 ಲೀಟರ್ ಎಂಜಿನ್ನಿನ ಮಿತ್ಸುಬಿಷಿ ಸೀಡಿಯಾ ಬಂತು. ಭಾರತದ ರ‍್ಯಾಲಿಗಳಲ್ಲಿ ಹೆಸರು ಮಾಡಿದ ಗಾಡಿ ಇದು. ಅದೇ ವರ್ಷ ಹೋಂಡಾ ಸಿವಿಕ್. ಆಮೇಲೆ 2010ರ ಫಿಯೆಟ್ ಲಿನಿಯಾ ಟಿ-ಜೆಟ್, 2011ರ ಸ್ಕೋಡಾ ಲಾರಾ ಆರ್‌ಎಸ್. ಫೋರ್ಡ್ ಫಿಯೆಸ್ಟಾ 1.6, ಮೊದಲ ತಲೆಮಾರಿನ ಹೋಂಡಾ ಸಿಟಿ ವಿ-ಟೆಕ್ ಕೂಡ ಇದೇ ಸಾಲಿನವು. ನಾಲ್ಕು ಬಾಗಿಲು, ಮನೆಮಂದಿಗೆಲ್ಲ ಜಾಗ, ಸ್ಟೇರಿಂಗಿನಲ್ಲಿ ಜೀವ. ಇಂದಿನ ಎತ್ತರದ ಗಾಡಿಗಳಲ್ಲಿ ಆ ಅನುಭವ ಸಿಗುವುದು ಕಷ್ಟ. ಅದಕ್ಕೇ ಇವನ್ನು ಉಳಿಸಿಕೊಳ್ಳಬೇಕು ಅನ್ನುತ್ತೇನೆ.

ನಮ್ಮ ಭಾಗದಲ್ಲಿ ಕಾರು ಬೇಗ ಬಳಲುವುದೇಕೆ?

ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ವಿಶೇಷವೇನಲ್ಲ. ಆದರೆ ಬರೀ ಬಿಸಿಲಿಗೆ ಎಂಜಿನ್ ಹಾಳಾಗುವುದಿಲ್ಲ. ಬಿಸಿಲಿನ ಜೊತೆ ನಮ್ಮ ಬೋರಿನ ಗಡಸು ನೀರು ಸೇರಿದಾಗ ಕೆಡುಕು ಶುರುವಾಗುತ್ತದೆ. ಸವಳು ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಹಕ್ಕಳೆ ರೇಡಿಯೇಟರಿನ ಸಣ್ಣ ಕೊಳವೆಗಳ ಒಳಗೂ ಕಟ್ಟುತ್ತದೆ. ಹಕ್ಕಳೆ ಶಾಖವನ್ನು ಹೊರಗೆ ಬಿಡುವುದಿಲ್ಲ. ಕೊಳವೆ ಕಿರಿದಾದಷ್ಟೂ ನೀರಿನ ಹರಿವು ಕುಗ್ಗುತ್ತದೆ.

ಮೂರನೆಯದು ವಯಸ್ಸು. ಓಡೋಮೀಟರ್ 60 ಸಾವಿರ ತೋರಿಸಿದರೂ 15 ವರ್ಷದ ರಬ್ಬರು 15 ವರ್ಷದ್ದೇ. ಹೋಸು, ಬುಶ್, ಬೆಲ್ಟು, ಸೀಲು ಶಾಖಕ್ಕೆ ಗಡಸಾಗಿ ಬಿರಿಯುತ್ತವೆ. ಪ್ಲಾಸ್ಟಿಕ್ ಪೆಡಸಾಗಿ ಮುಟ್ಟಿದರೆ ಮುರಿಯುತ್ತದೆ. ಹೀಗಾಗಿ ‘ಗಾಡಿ ಕಡಿಮೆ ಓಡೇತಿ’ ಅನ್ನುವ ಮಾತಿಗೆ ಹೆಚ್ಚು ಬೆಲೆ ಕೊಡಬೇಡಿ. ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತ ಕಾರಿಗಿಂತ, ಬಿಲ್ಲುಗಳ ಸಮೇತ ಒಂದು ಲಕ್ಷ ಕಿ.ಮೀ. ಓಡಿದ ಕಾರು ಎಷ್ಟೋ ವಾಸಿ.

ಕೊಳ್ಳುವ ಮುಂಚೆ

ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ನೋಡಿ. ನೀವು ಹೋಗುವಷ್ಟರಲ್ಲಿ ಸ್ಟಾರ್ಟ್ ಮಾಡಿ ಬಿಸಿಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎಂದು ಹೇಳಿ.

1. ಕೂಲೆಂಟ್ ಡಬ್ಬಿ ತೆರೆದು ನೋಡಿ. ಬಣ್ಣ ಸ್ವಚ್ಛವಾಗಿರಬೇಕು. ತುಕ್ಕಿನ ಕೆಂಪು ಅಥವಾ ಕಂದು ರಾಡಿ ಇದ್ದರೆ ಆ ಕಾರು ಬೋರಿನ ನೀರು ಕುಡಿದೇ ಬದುಕಿದೆ.

2. ಎಣ್ಣೆ ಹಾಕುವ ಮುಚ್ಚಳದ ಒಳಬದಿ ಹಾಲಿನ ಕೆನೆಯಂಥ ಲೇಪವಿದ್ದರೆ ಎಣ್ಣೆಗೆ ನೀರು ಬೆರೆಯುತ್ತಿರಬಹುದು. ಹೆಡ್ ಗ್ಯಾಸ್ಕೆಟ್ ಪರೀಕ್ಷೆ ಮಾಡಿಸದೆ ಮುಂಗಡ ಕೊಡಬೇಡಿ.

3. ಎಸಿ ಹಾಕಿ, ನಿಂತಲ್ಲೇ 20 ನಿಮಿಷ ಎಂಜಿನ್ ಓಡಿಸಿ. ರೇಡಿಯೇಟರ್ ಫ್ಯಾನು ತಾನಾಗಿ ತಿರುಗಬೇಕು. ಅದಕ್ಕೆ ಎರಡು ವೇಗ ಇರುವ ಕಾರುಗಳಲ್ಲಿ ನಿಧಾನ ವೇಗದ ಭಾಗ ಮೊದಲು ಕೆಡುತ್ತದೆ. ಹೆದ್ದಾರಿಯಲ್ಲಿ ಇದು ಗೊತ್ತಾಗುವುದಿಲ್ಲ, ವಿಜಯಪುರದ ಗಾಂಧಿ ಚೌಕದ ಗದ್ದಲದಲ್ಲಿ ಗೊತ್ತಾಗುತ್ತದೆ.

4. ಕಂಪ್ಯೂಟರ್ ಸ್ಕ್ಯಾನ್ ಮಾಡಿಸಿ. ಸ್ಕೋಡಾಗೆ ವಿಸಿಡಿಎಸ್, ಫಿಯೆಟ್‌ಗೆ ಮಲ್ಟಿಇಸಿಯುಸ್ಕ್ಯಾನ್, ಫೋರ್ಡ್‌ಗೆ ಫೋರ್‌ಸ್ಕ್ಯಾನ್ ಎಂಬ ತಂತ್ರಾಂಶಗಳಿವೆ. ಸಾಮಾನ್ಯ ಸ್ಕ್ಯಾನರಿಗೆ ಕಾಣದ ದೋಷಗಳನ್ನೂ ಇವು ತೋರಿಸುತ್ತವೆ. ಸ್ಕ್ಯಾನ್‌ಗೆ ಸ್ವಲ್ಪ ಮುಂಚೆ ದೋಷಸಂಕೇತ ಅಳಿಸಿದ್ದರೆ ಅದರ ಸುಳಿವೂ ಸಿಗುತ್ತದೆ.

ಬೆಲೆ ಕುದುರಿದ ಮೇಲೆ ಕೈಯಲ್ಲಿರುವ ದುಡ್ಡನ್ನೆಲ್ಲ ಕಾರಿಗೇ ಕೊಟ್ಟುಬಿಡಬೇಡಿ. ಕೊಂಡ ಬೆಲೆಯ ಕಾಲುಭಾಗದಷ್ಟಾದರೂ ಮೊದಲ ಆರು ತಿಂಗಳ ರಿಪೇರಿಗೆ ತೆಗೆದಿಡಿ. ಅದಿಲ್ಲದಿದ್ದರೆ ಒಂದು ಮೆಟ್ಟಿಲು ಅಗ್ಗದ ಕಾರು ಕೊಳ್ಳುವುದೇ ಒಳ್ಳೆಯದು.

ತಣ್ಣಗಿಡುವ ವ್ಯವಸ್ಥೆ

ವಿಜಯಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಬರೀ ನೀರು ಇಲ್ಲಿ 98 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ಎಂಜಿನ್ ಸಹಜವಾಗಿ ಕೆಲಸ ಮಾಡುವುದೇ 90ರ ಆಸುಪಾಸಿನಲ್ಲಿ. ಅಂದರೆ ನಡುವೆ ಉಳಿಯುವುದು ಎಂಟು ಡಿಗ್ರಿ ಮಾತ್ರ. ಈ ಅಂತರವನ್ನು ಹೆಚ್ಚಿಸುವವು ಎರಡು: ನೀರಿಗೆ ಬೆರೆಸುವ ಗ್ಲೈಕಾಲ್ ಮತ್ತು ಡಬ್ಬಿಯ ಒತ್ತಡದ ಮುಚ್ಚಳ. ಅರ್ಧ ನೀರು, ಅರ್ಧ ಗ್ಲೈಕಾಲ್ ಬೆರೆಸಿ ಸರಿಯಾದ ಮುಚ್ಚಳ ಬಿಗಿದರೆ ಕುದಿಯುವ ಬಿಂದು 130 ಡಿಗ್ರಿಯ ಹತ್ತಿರ ಹೋಗುತ್ತದೆ. ಆ ಮುಚ್ಚಳದ ರಬ್ಬರ್ ಉಂಗುರ ಬಿರಿದಿದ್ದರೆ ಒತ್ತಡ ನಿಲ್ಲುವುದಿಲ್ಲ, ಕೂಲೆಂಟಿಗೆ ಸುರಿದ ದುಡ್ಡೂ ದಂಡ. ಇಡೀ ವ್ಯವಸ್ಥೆಯಲ್ಲಿ ಅತಿ ಅಗ್ಗದ ಭಾಗ ಅದು. ಕಾರು ಕೊಂಡ ವಾರದಲ್ಲೇ ಅಸಲಿ ಮುಚ್ಚಳ ತಂದು ಹಾಕಿ.

ಮೊದಲ ತಿಂಗಳಲ್ಲಿ ಮಾಡಬೇಕಾದದ್ದು ಇಷ್ಟು:

1. ಹಳೆಯ ಕೂಲೆಂಟ್ ಪೂರ್ತಿ ಇಳಿಸಿ, ಖನಿಜಮುಕ್ತ ನೀರಿನಿಂದ ಎರಡು ಮೂರು ಸಲ ತೊಳೆಸಿ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಆಗುತ್ತದೆ.

2. ರೇಡಿಯೇಟರ್ ಕೆಳಗಿಳಿಸಿ, ಅದರ ಮತ್ತು ಎಸಿ ಕಂಡೆನ್ಸರಿನ ನಡುವಿನ ಸಂದಿ ನೋಡಿ. ಜೋಳದ ಹೊಟ್ಟು, ತೊಗರಿ ರಾಶಿಯ ದೂಳು, ಚಿಟ್ಟೆ ರೆಕ್ಕೆ ಎಲ್ಲ ಸೇರಿ ಅಲ್ಲಿ ಕಂಬಳಿಯಂತೆ ಕೂತಿರುತ್ತವೆ. ಹೊರಗಿನಿಂದ ಕಾಣುವುದಿಲ್ಲ. ಮೆಲ್ಲನೆಯ ನೀರಿನಿಂದ ಒಳಗಿನಿಂದ ಹೊರಕ್ಕೆ ತೊಳೆಯಬೇಕು. ಪ್ರೆಶರ್ ವಾಷರ್ ಹಿಡಿದರೆ ಅಲ್ಯೂಮಿನಿಯಂ ರೆಕ್ಕೆಗಳು ಮಡಚಿಹೋಗುತ್ತವೆ. ಒಳಗೆ ಹಕ್ಕಳೆ ಕಟ್ಟಿದ್ದರೆ ಹೊಸ ರೇಡಿಯೇಟರೇ ಲೇಸು.

3. ವಾಟರ್ ಪಂಪ್, ಥರ್ಮೋಸ್ಟಾಟ್, ಮೇಲಿನ ಕೆಳಗಿನ ಹೋಸು ಮೂರನ್ನೂ ಒಟ್ಟಿಗೇ ಬದಲಿಸಿ. ಆ ಕಾಲದ ಸ್ಕೋಡಾಗಳಲ್ಲಿ ಪಂಪಿನ ಪ್ಲಾಸ್ಟಿಕ್ ಚಕ್ರ ಮುರಿಯುವುದು ಗೊತ್ತಿರುವ ದೋಷ. ಲೋಹದ ಚಕ್ರವಿರುವ ಪಂಪ್ ಕೇಳಿ ಪಡೆಯಿರಿ.

4. ಕಂಪನಿ ಹೇಳಿದ ಜಾತಿಯ ಕೂಲೆಂಟನ್ನೇ ಹಾಕಿ. ಸ್ಕೋಡಾದ ಕೆಂಪು ಕೂಲೆಂಟಿಗೆ ಅಂಗಡಿಯ ಹಸಿರು ಕೂಲೆಂಟ್ ಬೆರೆಸಿದರೆ ಕಂದು ಗಸಿಯಾಗುತ್ತದೆ.

5. ಕೊನೆಗೆ ಗಾಳಿ ತೆಗೆಯಿಸಿ. ಒಳಗೆ ಗಾಳಿಗುಳ್ಳೆ ಉಳಿದರೆ ಹೆಡ್ಡಿನ ಒಂದು ಮೂಲೆಗೆ ನೀರು ಮುಟ್ಟುವುದೇ ಇಲ್ಲ.

ಡ್ಯಾಶ್‌ಬೋರ್ಡಿನ ಮುಳ್ಳಿನ ಬಗ್ಗೆ ಒಂದು ಎಚ್ಚರಿಕೆ. ಸ್ಕೋಡಾದಂಥ ಕಾರುಗಳಲ್ಲಿ ಚಾಲಕ ಗಾಬರಿಯಾಗದಿರಲಿ ಎಂದು ಮುಳ್ಳು 90ಕ್ಕೇ ನಿಲ್ಲುವಂತೆ ಮಾಡಿರುತ್ತಾರೆ. ನಿಜವಾದ ಉಷ್ಣತೆ 100 ದಾಟಿದರೂ ಅದು ಅಲ್ಲಾಡುವುದಿಲ್ಲ. ಅಲ್ಲಾಡಿದಾಗ ಹೊತ್ತು ಮೀರಿರುತ್ತದೆ. ಸಣ್ಣ ಬ್ಲೂಟೂತ್ ಸ್ಕ್ಯಾನರ್ ಚುಚ್ಚಿ ಮೊಬೈಲಿನಲ್ಲಿ ನಿಜವಾದ ಅಂಕಿ ನೋಡುವ ರೂಢಿ ಮಾಡಿಕೊಳ್ಳಿ. ಅರಕೇರಿಯ ಅಮೋಘಸಿದ್ಧನ ಜಾತ್ರೆಯ ದಟ್ಟಣೆಯಲ್ಲಿ ಎಸಿ ಹಾಕಿ ತೆವಳುವಾಗ ಎಷ್ಟಿರುತ್ತದೆ, ಸೊಲ್ಲಾಪುರ ಹೆದ್ದಾರಿಯಲ್ಲಿ ಎಷ್ಟಿರುತ್ತದೆ ಎಂದು ಬರೆದಿಟ್ಟುಕೊಂಡರೆ ಮುಂದಿನ ವರ್ಷ ನಾಲ್ಕೈದು ಡಿಗ್ರಿ ಏರಿದ ಕೂಡಲೇ ಗೊತ್ತಾಗುತ್ತದೆ.

ಇಷ್ಟಾಗಿಯೂ ದಾರಿಯಲ್ಲಿ ಬಿಸಿಯೇರಿದರೆ ಮೊದಲು ಎಸಿ ಆರಿಸಿ. ಹೀಟರನ್ನು ಪೂರ್ತಿ ಬಿಸಿಗೆ, ಅದರ ಫ್ಯಾನನ್ನು ಪೂರ್ತಿ ಜೋರಿಗೆ ಇಡಿ. ಮೇ ತಿಂಗಳಲ್ಲಿ ಹೀಟರ್ ಹಾಕುವುದು ಹುಚ್ಚುತನ ಅನ್ನಿಸಬಹುದು, ಆದರೆ ಹೀಟರ್ ಎಂದರೆ ಇನ್ನೊಂದು ಸಣ್ಣ ರೇಡಿಯೇಟರ್; ಎಂಜಿನ್ನಿನ ಶಾಖ ಅದರ ಮೂಲಕವೂ ಹೊರಬೀಳುತ್ತದೆ. ಸುರಕ್ಷಿತ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ ಎಂಜಿನ್ ಬಂದ್ ಮಾಡಿ. ಮುಚ್ಚಳ ಮುಟ್ಟಬೇಡಿ, ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಎರಚುತ್ತದೆ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿದರೆ ಹೆಡ್ಡು ಬಿರಿಯಬಹುದು. ಮುಕ್ಕಾಲು ಗಂಟೆಯಾದರೂ ಕಾಯಿರಿ. ‘ಊರು ಇನ್ನು ನಾಕ ಕಿಲೋಮೀಟರ್ ಐತಿ’ ಎಂದು ಓಡಿಸಿದ ಆ ನಾಲ್ಕು ಕಿಲೋಮೀಟರಿನಲ್ಲೇ ಅಲ್ಯೂಮಿನಿಯಂ ಹೆಡ್ಡು ಸೊಟ್ಟಗಾಗುವುದು.

ಬೆಲ್ಟು, ಎಣ್ಣೆ, ಟರ್ಬೊ

ಆಕ್ಟೇವಿಯಾ ಆರ್‌ಎಸ್, ಲಿನಿಯಾ ಟಿ-ಜೆಟ್, ಸೀಡಿಯಾ, ಫಿಯೆಸ್ಟಾ 1.6, ಹಳೆಯ ಸಿಟಿ ಇವೆಲ್ಲ ಟೈಮಿಂಗ್ ಬೆಲ್ಟಿನ ಎಂಜಿನ್‌ಗಳು. ಸಿವಿಕ್ ಮತ್ತು ಲಾರಾ ಆರ್‌ಎಸ್‌ಗೆ ಚೈನು. ಓಡುವಾಗ ಬೆಲ್ಟು ತುಂಡಾದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಎಂಜಿನ್ ಬಿಚ್ಚಬೇಕಾದೀತು. ಹಿಂದಿನ ಮಾಲೀಕರು ಬೆಲ್ಟು ಬದಲಿಸಿದ ಬಿಲ್ಲು ತೋರಿಸದಿದ್ದರೆ ಬದಲಿಸಿಲ್ಲ ಎಂದೇ ತಿಳಿಯಿರಿ. ಟೆನ್ಷನರ್, ರೋಲರ್, ವಾಟರ್ ಪಂಪ್ ಎಲ್ಲ ಸೇರಿಸಿ ಒಮ್ಮೆಲೇ ಮಾಡಿಸಿದರೆ ಕೂಲಿ ಉಳಿಯುತ್ತದೆ. ಆಮೇಲೆ ಎಷ್ಟೇ ಕಡಿಮೆ ಓಡಿಸಿದರೂ ಐದು ವರ್ಷಕ್ಕೊಮ್ಮೆ ಹೊಸದು. ಲಾರಾ ಕೊಂಡವರು ಬೆಳಗಿನ ಮೊದಲ ಸ್ಟಾರ್ಟಿಗೆ ಕಿವಿಗೊಡಿ. ಎರಡು ಮೂರು ಕ್ಷಣ ಚೈನಿನ ಗಡಗಡ ಕೇಳಿದರೆ ಟೆನ್ಷನರ್ ತೋರಿಸಿ. ಆ ಎಂಜಿನ್ ಎಣ್ಣೆ ಕುಡಿಯುವುದೂ ಉಂಟು, ಹಾಗಾಗಿ ವಾರಕ್ಕೊಮ್ಮೆ ಕಡ್ಡಿ ಎಳೆದು ನೋಡಬೇಕು.

ಟರ್ಬೊ ಗಾಡಿಗೆ ಕಂಪನಿ ಸೂಚಿಸಿದ ದರ್ಜೆಯ ಪೂರ್ತಿ ಸಿಂಥೆಟಿಕ್ ಎಣ್ಣೆಯನ್ನೇ ಹಾಕಿ. ಟಿ-ಜೆಟ್, ಆರ್‌ಎಸ್‌ಗಳಿಗೆ 5ಡಬ್ಲ್ಯು-40 ಒಗ್ಗುತ್ತದೆ. 7,500 ಕಿ.ಮೀ. ಅಥವಾ ವರ್ಷ, ಯಾವುದು ಮೊದಲೋ ಆಗ ಬದಲಿಸಿ. ಹೆದ್ದಾರಿಯಲ್ಲಿ ಜೋರಾಗಿ ಬಂದು ಥಟ್ಟನೆ ಕೀಲಿ ತೆಗೆದರೆ ಕೆಂಡದಂತೆ ಕಾದ ಟರ್ಬೊದೊಳಗೆ ನಿಂತ ಎಣ್ಣೆ ಸುಟ್ಟು ಕರಿಯಾಗುತ್ತದೆ, ಬೇರಿಂಗಿಗೆ ಎಣ್ಣೆ ಹೋಗುವ ದಾರಿ ಕಟ್ಟುತ್ತದೆ. ಊರೊಳಗಿನ ಕೊನೆಯ ಅರ್ಧ ಕಿಲೋಮೀಟರ್ ನಿಧಾನ ಬಂದು, ಮನೆ ಮುಂದೆ ಒಂದು ನಿಮಿಷ ಎಂಜಿನ್ ಓಡಲು ಬಿಟ್ಟರೆ ಸಾಕು.

ಪೆಟ್ರೋಲಿನ ಹೊಸ ಸಮಸ್ಯೆ

ಈಗ ಪಂಪುಗಳಲ್ಲಿ ಸಿಗುವುದು ಶೇ. 20ರಷ್ಟು ಎಥೆನಾಲ್ ಬೆರೆತ ಇ-20 ಪೆಟ್ರೋಲ್. ಕಬ್ಬು ಬೆಳೆಯುವ ನಮ್ಮ ಜಿಲ್ಲೆಗೆ ಎಥೆನಾಲ್ ಒಳ್ಳೆಯ ಸುದ್ದಿಯೇ, ಆದರೆ 2010ರ ಸುಮಾರಿನ ಕಾರುಗಳನ್ನು ಇದಕ್ಕೆಂದು ಮಾಡಿರಲಿಲ್ಲ. ಮೈಲೇಜು ಸ್ವಲ್ಪ ಇಳಿಯುವುದನ್ನು ತಡೆಯಲಾಗದು, ಎಥೆನಾಲ್‌ನಲ್ಲಿ ಶಕ್ತಿ ಕಡಿಮೆ. ತಡೆಯಬೇಕಾದದ್ದು ಬೇರೆ: ಎಥೆನಾಲ್ ಹಳೆಯ ರಬ್ಬರನ್ನು ಉಬ್ಬಿಸಿ ಬಿರಿಸುತ್ತದೆ, ಗಾಳಿಯ ತೇವ ಹೀರುತ್ತದೆ, ಟ್ಯಾಂಕಿನ ಹಳೆಯ ಅಂಟು ಕರಗಿಸಿ ಫಿಲ್ಟರಿಗೆ ತರುತ್ತದೆ.

ಬಾನೆಟ್ಟಿನಡಿಯ ರಬ್ಬರಿನ ಪೆಟ್ರೋಲ್ ಹೋಸುಗಳನ್ನು ‘ಜೆ30 ಆರ್9’ ಎಂದು ಮೈಮೇಲೆ ಮುದ್ರಿಸಿರುವ ಹೋಸಿನಿಂದ ಬದಲಿಸಿ. ಇಂಜೆಕ್ಷನ್ ಒತ್ತಡವನ್ನೂ ಎಥೆನಾಲನ್ನೂ ಅದು ತಾಳುತ್ತದೆ. ಬದಲಿಸುವಾಗ ಹೊಸ ಕ್ಲಿಪ್ಪು ಹಾಕಿ. ಪೆಟ್ರೋಲ್ ವಾಸನೆ ಬಂದರೆ ನಾಳೆಗೆ ಮುಂದೂಡಬೇಡಿ, ಹಳೆಯ ಕಾರುಗಳಿಗೆ ಬೆಂಕಿ ಹತ್ತುವುದು ಇಂಥ ಸೋರಿಕೆಯಿಂದಲೇ. ಫಿಲ್ಟರ್ ಈಗೊಮ್ಮೆ, ಆರು ತಿಂಗಳ ನಂತರ ಇನ್ನೊಮ್ಮೆ ಬದಲಿಸಿ. ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ, ಅದರಲ್ಲೂ ಮಳೆಗಾಲದಲ್ಲಿ, ಟ್ಯಾಂಕನ್ನು ಅರ್ಧಕ್ಕೆ ಬಿಡದೆ ಪೂರ್ತಿ ತುಂಬಿಸಿಡಿ. ಟ್ಯಾಂಕಿನ ಪಂಪ್ ಪೆಟ್ರೋಲಿನಲ್ಲಿ ಮುಳುಗಿದ್ದರಷ್ಟೇ ತಣ್ಣಗಿರುತ್ತದೆ ಎಂಬುದೂ ನೆನಪಿರಲಿ.

ಟೈರು ಮತ್ತು ಬ್ರೇಕು

ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ. ‘2319’ ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗೀರು ಎಷ್ಟೇ ಆಳ ಉಳಿದಿರಲಿ, ಆರು ವರ್ಷ ದಾಟಿದ ಟೈರಿನಲ್ಲಿ ಬೇಸಿಗೆಯ ಹೆದ್ದಾರಿಗೆ ಹೋಗಬೇಡಿ.

ಬಿಸಿಲಿಗೆ ಗಾಳಿ ಹಿಗ್ಗಿ ಟೈರು ಒಡೆಯುತ್ತದೆಂದು ನಮ್ಮಲ್ಲಿ ಗಾಳಿ ಕಡಿಮೆ ಹಾಕಿಸುವವರಿದ್ದಾರೆ. ಆಗುವುದು ಉಲ್ಟಾ. ಗಾಳಿ ಕಡಿಮೆಯಾದಾಗ ಟೈರಿನ ಬದಿಗೋಡೆ ಪ್ರತಿ ಸುತ್ತಿಗೂ ಹೆಚ್ಚು ಮಡಚುತ್ತದೆ, ಆ ಮಡಚಾಟದಿಂದಲೇ ಶಾಖ ಹುಟ್ಟಿ ಪದರ ಬಿಡುತ್ತದೆ. ಬಾಗಿಲ ಚೌಕಟ್ಟಿನ ಮೇಲೆ ಬರೆದ ಒತ್ತಡವನ್ನೇ ಬೆಳಗಿನ ತಂಪಿನಲ್ಲಿ ಹಾಕಿಸಿ. ಓಡಿ ಬಂದ ಬಿಸಿ ಟೈರಿನಿಂದ ಗಾಳಿ ಬಿಡಬೇಡಿ.

ಬ್ರೇಕ್ ಎಣ್ಣೆ ನೀರು ಹೀರುವ ದ್ರವ. ಹೊಸ ಡಾಟ್ 4 ಎಣ್ಣೆ ಕನಿಷ್ಠ 230 ಡಿಗ್ರಿತನಕ ಕುದಿಯದು. ತೇವ ಹೀರಿದ ಮೇಲೆ ಈ ಮಟ್ಟ 155ರತನಕ ಕುಸಿಯಬಹುದು. ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಿ. 150 ಕುದುರೆಯ ಕಾರಿಗೆ ಇದಕ್ಕಿಂತ ಅಗ್ಗದ ವಿಮೆ ಇಲ್ಲ.

ಸಾಮಾನ್ಯ ತಪ್ಪುಗಳು

ಥರ್ಮೋಸ್ಟಾಟ್ ಕಿತ್ತೆಸೆಯುವುದು: ‘ನಮ್ಮ ಬಿಸಿಲಿಗೆ ಅದ್ಯಾಕ್ರಿ’ ಎನ್ನುವ ಮಿಸ್ತ್ರಿಗಳಿದ್ದಾರೆ. ಅದಿಲ್ಲದೆ ಎಂಜಿನ್ ಸರಿಯಾದ ಬಿಸಿಗೆ ಬರಲು ಬಹಳ ಹೊತ್ತು ಹಿಡಿಯುತ್ತದೆ. ಎಂಜಿನ್ ಇನ್ನೂ ತಣ್ಣಗಿದೆ ಎಂದು ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಅದು ಎಣ್ಣೆಗಿಳಿದು ಸಿಲಿಂಡರ್ ಸವೆಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಇಲ್ಲದಿದ್ದರೆ ಬೈಪಾಸ್ ದಾರಿ ಮುಚ್ಚುವುದೇ ಇಲ್ಲ. ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಹಾಗೇ ಮರಳುತ್ತದೆ.

ಎಣ್ಣೆ ಸವರಿದ ಬಟ್ಟೆಯ ಏರ್ ಫಿಲ್ಟರ್: ಕ್ರಶರ್ ಲಾರಿಗಳ ಹಿಂದೆ, ರಾಶಿ ಕಾಲದ ಹೊಲದ ದಾರಿಯಲ್ಲಿ ಓಡುವ ಕಾರಿಗೆ ಕಾಗದದ ಅಸಲಿ ಫಿಲ್ಟರೇ ಸರಿ. ಅದನ್ನು ಕಂಪ್ರೆಸರ್ ಗಾಳಿಯಿಂದ ಊದಿ ಮತ್ತೆ ಮತ್ತೆ ಹಾಕಬೇಡಿ, ಕಣ್ಣಿಗೆ ಕಾಣದ ತೂತು ಬೀಳುತ್ತದೆ.

ಕಾರು ತಗ್ಗಿಸುವುದು: ಸಿವಿಕ್‌ನ ಹೊಟ್ಟೆ ಇದ್ದಂತೆಯೇ ನಮ್ಮ ಊರುಗಳ ರಸ್ತೆಯುಬ್ಬಿಗೆ ತಾಗುತ್ತದೆ. ಸ್ಪ್ರಿಂಗ್ ಕತ್ತರಿಸಿದರೆ ಎಣ್ಣೆ ತೊಟ್ಟಿಯೇ ಒಡೆಯಬಹುದು. ಆ ದುಡ್ಡಿಗೆ ಹೊಸ ಶಾಕ್ ಅಬ್ಸಾರ್ಬರ್, ಬುಶ್, ಬಾಲ್ ಜಾಯಿಂಟ್ ಹಾಕಿಸಿ. ಕಾರು ಹೊಸದಾಗಿದ್ದಾಗ ಹೇಗಿತ್ತೆಂದು ಆಗ ಗೊತ್ತಾಗುತ್ತದೆ.

ಆರ್‌ಒ ಘಟಕ ಹೊರಹಾಕುವ ನೀರಿನಲ್ಲಿ ತೊಳೆಯುವುದು: ನೀರು ಉಳಿಸುವ ಉದ್ದೇಶ ಒಳ್ಳೆಯದು, ಆದರೆ ಲವಣವೆಲ್ಲ ಅದರಲ್ಲೇ ಇರುತ್ತದೆ. ಬಣ್ಣದ ಮೇಲೆ ಒಣಗಿದರೆ ಕಲೆ ಹೋಗುವುದಿಲ್ಲ. ಬೆಳಿಗ್ಗೆ ನೆರಳಲ್ಲಿ ತೊಳೆದು ಕೂಡಲೇ ಒರೆಸಿ. ಮಳೆಗಾಲದಲ್ಲಿ ಎರೆಮಣ್ಣು ಅಡಿಭಾಗಕ್ಕೆ ಮೆತ್ತಿಕೊಂಡು ತೇವ ಹಿಡಿದಿಡುತ್ತದೆ, ಅದನ್ನು ಒಣಗುವ ಮುಂಚೆ ತೆಗೆಯಿರಿ.

ಇಲಿಯನ್ನು ಮರೆಯುವುದು: ಕಾಳಿನ ಚೀಲಗಳ ಪಕ್ಕ ಕಾರು ನಿಲ್ಲಿಸಿದರೆ ವೈರು ಉಳಿಯುವುದಿಲ್ಲ. ಹಳೆಯ ಕಾರಿನ ವೈರಿಂಗ್ ಹಾರ್ನೆಸ್ ಹೊಸದಾಗಿ ಸಿಗುವುದು ಬಲು ಕಷ್ಟ. ಗಾಳಿ ಒಳಬರುವ ಬಾಯಿಗೆ ಸಣ್ಣ ಕಣ್ಣಿನ ತಂತಿಜಾಲರಿ ಹಾಕಿಸಿ, ಎರಡು ದಿನ ನಿಂತ ಕಾರನ್ನು ಬಾನೆಟ್ ಎತ್ತಿ ನೋಡದೆ ಸ್ಟಾರ್ಟ್ ಮಾಡಬೇಡಿ.

ಬಿಡಿಭಾಗ, ಮಿಸ್ತ್ರಿ

ಫಿಯೆಟ್ ಭಾರತದಲ್ಲಿ ಕಾರು ಮಾರುವುದು ನಿಲ್ಲಿಸಿದೆ. ಫೋರ್ಡ್ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ 2021ರಲ್ಲಿ ಘೋಷಿಸಿತು. ಮಿತ್ಸುಬಿಷಿ ಅದಕ್ಕೂ ಮುಂಚೆಯೇ ಕಣ್ಮರೆ. ಆದರೂ ಫಿಲ್ಟರು, ಬೆಲ್ಟು, ಬ್ರೇಕ್ ಪ್ಯಾಡುಗಳಿಗೆ ಕೊರತೆಯಿಲ್ಲ. ಕಾರು ಕಂಪನಿಗಳಿಗೆ ಭಾಗ ಮಾಡಿಕೊಡುತ್ತಿದ್ದ ಬಾಷ್, ವ್ಯಾಲಿಯೊದಂಥವರು ತಮ್ಮ ಹೆಸರಿನಲ್ಲೇ ಮಾರುತ್ತಾರೆ. ಬೇಕಾದದ್ದು ಭಾಗದ ಸಂಖ್ಯೆ. ಹಳೆಯ ಭಾಗದ ಮೇಲಿನ ಸಂಖ್ಯೆಯ ಫೋಟೊ ತೆಗೆದು ಕಳಿಸಿದರೆ ಪುಣೆಯಿಂದಲೋ, ಬೆಂಗಳೂರಿನ ಜೆ.ಸಿ. ರಸ್ತೆಯಿಂದಲೋ ತರಿಸಬಹುದು. ಸಿಗುವುದು ಕಷ್ಟವಾದವು ಹೆಡ್‌ಲೈಟು, ಬಂಪರು, ಒಳಗಿನ ಗುಂಡಿಗಳು. ಒಡೆಯುವ ಮುಂಚೆಯೇ, ಸಿಕ್ಕಾಗ ಕೊಂಡಿಡಿ.

ಟ್ರ್ಯಾಕ್ಟರು, ಬೊಲೆರೊ ನೋಡಿಕೊಳ್ಳುವ ನಮ್ಮ ಮಿಸ್ತ್ರಿಗಳ ಕೈ ಕೆಟ್ಟದ್ದಲ್ಲ. ಅವರಿಗೆ ಇಲ್ಲದಿರುವುದು ಈ ಕಾರಿನ ಮಾಹಿತಿ. ಸರ್ವಿಸ್ ಮ್ಯಾನ್ಯುಯಲ್ಲಿನ ಪುಟ, ಬೋಲ್ಟ್ ಬಿಗಿಯುವ ಟಾರ್ಕ್ ಅಳತೆ ಮುದ್ರಿಸಿ ಒಯ್ಯಿರಿ, ಕೆಲಸ ನಡೆಯುವಾಗ ಜೊತೆಗೆ ನಿಲ್ಲಿರಿ. ಟೈಮಿಂಗ್ ಬೆಲ್ಟು, ಟರ್ಬೊ, ಗೇರ್‌ಬಾಕ್ಸ್ ಕೆಲಸಕ್ಕೆ ಮಾತ್ರ ಆ ಮಾದರಿಯನ್ನು ಮುಂಚೆ ಬಿಚ್ಚಿದವರನ್ನೇ ಹುಡುಕಿ. ಅದಕ್ಕಾಗಿ ಹುಬ್ಬಳ್ಳಿಗೋ ಸೊಲ್ಲಾಪುರಕ್ಕೋ ಹೋದರೂ ಲಾಭವೇ.

ಕಾಗದಪತ್ರ

ಗಡಿ ಜಿಲ್ಲೆಯಾದ್ದರಿಂದ ಇಲ್ಲಿಗೆ ಮಹಾರಾಷ್ಟ್ರದ ಗಾಡಿಗಳು ಬರುತ್ತವೆ. ಬೇರೆ ರಾಜ್ಯದ ನೋಂದಣಿಯ ಕಾರನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟುಕೊಂಡರೆ ಕೆಎ-28 ಸಂಖ್ಯೆ ಪಡೆಯಬೇಕು. ಅದಕ್ಕೆ ಮೂಲ ಆರ್‌ಟಿಒದಿಂದ ನಮೂನೆ 28ರ ಎನ್‌ಒಸಿ, ಮಾಲೀಕತ್ವ ಬದಲಿಗೆ ನಮೂನೆ 29 ಮತ್ತು 30, ಸಾಲವಿದ್ದರೆ ತೀರಿದ್ದಕ್ಕೆ ನಮೂನೆ 35 ಬೇಕು. ಕರ್ನಾಟಕದ ರಸ್ತೆ ತೆರಿಗೆ ಬೇರೆ. ಕಾರಿನ ಬೆಲೆ ಮಾತಾಡುವಾಗಲೇ ಇದನ್ನು ಲೆಕ್ಕಕ್ಕೆ ಹಿಡಿಯಿರಿ, ಎನ್‌ಒಸಿ ಕೈಗೆ ಬರುವತನಕ ಪೂರ್ತಿ ಹಣ ಕೊಡಬೇಡಿ. ದೆಹಲಿ ಕಡೆಯ ಅಗ್ಗದ ಗಾಡಿಗಳಲ್ಲಿ ಇನ್ನೂ ಎಚ್ಚರ ಬೇಕು: ಅಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಕಾರು ಓಡಿಸುವಂತಿಲ್ಲವೆಂದು ಹೇರಿದ ನಿರ್ಬಂಧದಿಂದ ನೋಂದಣಿ ರದ್ದಾಗಿರಬಹುದು. ವಾಹನ್ ಪೋರ್ಟಲ್ಲಿನಲ್ಲಿ ಸಂಖ್ಯೆ ಹಾಕಿ ಸ್ಥಿತಿ ನೋಡಿ.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಮುಗಿಯುವ 60 ದಿನ ಮುಂಚಿನಿಂದ ನಮೂನೆ 25ರಲ್ಲಿ ಅರ್ಜಿ ಹಾಕಬಹುದು. ಕಾರು ತಪಾಸಣೆಯಾಗಿ, ಹಸಿರು ತೆರಿಗೆ ಕಟ್ಟಿದ ಮೇಲೆ ಐದು ವರ್ಷಕ್ಕೆ ನವೀಕರಣವಾಗುತ್ತದೆ. ತಪಾಸಣೆಗೆ ಹೋಗುವ ಮುಂಚೆ ಸದ್ದು ಮಾಡುವ ಸೈಲೆನ್ಸರ್ ತೆಗೆದು ಅಸಲಿಯದನ್ನು ಹಾಕಿರಿ, ಕಂಪನಿಯ ಮೂಲ ವಿನ್ಯಾಸ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡಬರುತ್ತದೆ. ವಿಮೆ ಮಾಡಿಸುವಾಗ, ಐದು ವರ್ಷ ದಾಟಿದ ಕಾರಿನ ಮೌಲ್ಯವನ್ನು ಕಂಪನಿಯೂ ನೀವೂ ಮಾತಾಡಿ ನಿಗದಿ ಮಾಡಬಹುದು. ಪರದೆಯ ಮೇಲೆ ತೋರಿಸಿದ ಕಡಿಮೆ ಮೊತ್ತಕ್ಕೆ ಒಪ್ಪಿಬಿಡಬೇಡಿ. ರೇಡಿಯೇಟರಿನಿಂದ ಟೈರಿನತನಕ ಖರ್ಚು ಮಾಡಿದ ಬಿಲ್ಲುಗಳನ್ನೆಲ್ಲ ಒಂದು ಫೈಲಿನಲ್ಲಿ ಹಾಕಿ ಮುಂದಿಡಿ.